ಮೋಲಾರ್ ಫ್ಲೋ ಕನ್ವರ್ಟರ್ ಆ್ಯಪ್: ಮೋಲ್‌ನಿಂದ ಮೋಲ್‌ಗೆ ಚೆನ್ನಾಗಿದೆ, ಎಸ್‌ಸಿಸಿಎಂ ಬಂದರೆ ಹುಷಾರು

ಗ್ಯಾಸಿನ ಹರಿವನ್ನು ಒಂದು ಯೂನಿಟ್‌ನಿಂದ ಇನ್ನೊಂದಕ್ಕೆ ಬದಲಾಯಿಸುವ ಈ ಆ್ಯಪನ್ನು ಆರು ತಿಂಗಳಿಂದ ಬಳಸುತ್ತಿದ್ದೇನೆ. ಸಣ್ಣ ರಿಯಾಕ್ಟರ್‌ಗೆ ಗ್ಯಾಸ್ ಬಿಟ್ಟು, ಒಳಗೆ ಎಷ್ಟು ಮೋಲ್ (ಕಣಗಳ ಎಣಿಕೆಯಲ್ಲಿ ವಸ್ತುವಿನ ಪ್ರಮಾಣ ಹೇಳುವ ಅಳತೆ) ಹೋಯಿತು, ಹೊರಗೆ ಎಷ್ಟು ಬಂತು ಅಂತ ಲೆಕ್ಕ ಇಡುವುದು ನನ್ನ ಕೆಲಸ. ಒಂದು ಉಪಕರಣ ನಿಮಿಷಕ್ಕೆ ಮಿಲಿಮೋಲ್ ಅನ್ನುತ್ತದೆ, ಸಿಮ್ಯುಲೇಶನ್ ಗಂಟೆಗೆ ಕಿಲೋಮೋಲ್ ಕೇಳುತ್ತದೆ, ಹಳೆಯ ಡಿಸೈನ್ ಹಾಳೆ ತೆಗೆದರೆ ಅಲ್ಲಿ ಪೌಂಡ್-ಮೋಲ್ ಇರುತ್ತದೆ. ದಿನಕ್ಕೆ ಹತ್ತು ಸಲ ಬದಲಾಯಿಸಬೇಕು ಅಂದರೆ ಇಂಥದ್ದೊಂದು ಬೇಕೇ ಬೇಕು.

ಮೊದಲು ಒಳ್ಳೆಯದು ಹೇಳಿಬಿಡುತ್ತೇನೆ. ಇಂಟರ್ನೆಟ್ ಇಲ್ಲದೆಯೂ ನಡೆಯುತ್ತದೆ, ಜಾಹೀರಾತು ಇಲ್ಲ. ಎಡ-ಬಲ ಯೂನಿಟ್ ಅದಲು ಬದಲು ಮಾಡಲು ಒಂದು ಬಟನ್ ಸಾಕು. ಸೆಕೆಂಡಿಗೆ 1 ಮೋಲ್ ಹಾಕಿದರೆ ಗಂಟೆಗೆ 3.6 ಕಿಲೋಮೋಲ್ ಬರುತ್ತದೆ, ಸರಿ. 3600 ಸೆಕೆಂಡಿಂದ ಗುಣಿಸಿ 1000ದಿಂದ ಭಾಗಿಸುವುದು ಅಷ್ಟೇ, ಆದರೆ ಕೆಲಸದ ಗಡಿಬಿಡಿಯಲ್ಲಿ ಗುಣಿಸುವ ಕಡೆ ಭಾಗಿಸಿಬಿಡುತ್ತೇವೆ, ಅಲ್ವಾ?

ಪೌಂಡ್-ಮೋಲ್ ಲೆಕ್ಕವೂ ನಿಖರವಾಗಿದೆ. 1 ಪೌಂಡ್-ಮೋಲ್ ಅಂದರೆ 453.59237 ಮೋಲ್. ಗಂಟೆಗೆ 100 ಪೌಂಡ್-ಮೋಲ್ ಕೊಟ್ಟೆ, ಗಂಟೆಗೆ 45.36 ಕಿಲೋಮೋಲ್ ಅಂತ ತೋರಿಸಿತು. ಪೌಂಡನ್ನು ಕಿಲೋಗ್ರಾಂ ಮಾಡುವಾಗ ಬರುವ ಅದೇ ಸಂಖ್ಯೆ ಇಲ್ಲೂ ಬರುತ್ತದೆ, ಯಾಕೆಂದರೆ ಯಾವ ಗ್ಯಾಸ್ ಆದರೂ ಅದರ ಮೋಲಾರ್ ತೂಕ, ಅಂದರೆ ಒಂದು ಮೋಲ್‌ನ ತೂಕ, ಎರಡೂ ಕಡೆ ಹೊಡೆದುಹೋಗುತ್ತದೆ. ಇದು ಗೊತ್ತಿದ್ದರೆ ಆ್ಯಪ್ ಸರಿ ಹೇಳುತ್ತಿದೆಯಾ ಅಂತ ಬಾಯಲ್ಲೇ ಚೆಕ್ ಮಾಡಬಹುದು.

ಈಗ ನನಗೆ ಬೇಜಾರಾದ ವಿಷಯ. ಎಸ್‌ಸಿಸಿಎಂ.

ಇದು ನಿಜಕ್ಕೂ ಮೋಲ್ ಯೂನಿಟ್ ಅಲ್ಲ, ನಿಮಿಷಕ್ಕೆ ಇಷ್ಟು ‘ಸ್ಟ್ಯಾಂಡರ್ಡ್’ ಘನ ಸೆಂಟಿಮೀಟರ್ ಅಂತ. ಗ್ಯಾಸಿನ ಗಾತ್ರ ಬಿಸಿ ಮತ್ತು ಒತ್ತಡದ ಮೇಲೆ ನಿಂತಿರುತ್ತದೆ, ಹಾಗಾಗಿ ಯಾವ ಸ್ಟ್ಯಾಂಡರ್ಡ್ ಅಂತ ಹೇಳದೆ ಅದನ್ನು ಮೋಲ್ ಮಾಡುವುದಕ್ಕೇ ಆಗುವುದಿಲ್ಲ. 0 ಡಿಗ್ರಿ ಸೆಲ್ಸಿಯಸ್, 1 ಅಟ್ಮಾಸ್ಫಿಯರ್ ಆದರೆ ಒಂದು ಮೋಲ್‌ಗೆ 22.414 ಲೀಟರ್. ಅದೇ 0 ಡಿಗ್ರಿಯಲ್ಲಿ ಒತ್ತಡ 1 ಬಾರ್ ಅಂದುಕೊಂಡರೆ 22.711 ಲೀಟರ್. ರಸಾಯನಶಾಸ್ತ್ರದ ಅಂತರರಾಷ್ಟ್ರೀಯ ಸಂಸ್ಥೆ ಐಯುಪಿಎಸಿ 1982ರಿಂದ ಹೇಳುತ್ತಿರುವುದು ಈ 1 ಬಾರ್. 20 ಡಿಗ್ರಿ, 1 ಅಟ್ಮಾಸ್ಫಿಯರ್ ಆದರೆ ಸುಮಾರು 24.055 ಲೀಟರ್. ಮೂರೂ ಚಾಲ್ತಿಯಲ್ಲಿವೆ, ಮೂರಕ್ಕೂ ಜನ ‘ಸ್ಟ್ಯಾಂಡರ್ಡ್’ ಅಂತಲೇ ಹೇಳುತ್ತಾರೆ. ಆ್ಯಪ್ ಮಾತ್ರ ಏನೂ ಕೇಳದೆ ಮೊದಲನೆಯದನ್ನು ಹಿಡಿದು ಉತ್ತರ ಕೊಟ್ಟುಬಿಡುತ್ತದೆ, ಯಾವುದನ್ನು ಹಿಡಿದೆ ಅಂತ ಎಲ್ಲೂ ಬರೆದಿಲ್ಲ.

ನನಗೆ ಇದರಿಂದ ಎರಡು ದಿನ ಹೋಯಿತು. ನೈಟ್ರೋಜನ್ 100 ಎಸ್‌ಸಿಸಿಎಂ ಬಿಟ್ಟಿದ್ದೆ. ಆ್ಯಪ್ ನಿಮಿಷಕ್ಕೆ 4.46 ಮಿಲಿಮೋಲ್ ಅಂದಿತು. ಹೊರಗೆ ಅಳೆದರೆ 4.16 ಹತ್ತಿರ ಬರುತ್ತಿದೆ, ಅಂದರೆ ಸುಮಾರು ಶೇಕಡಾ 7ರಷ್ಟು ಗ್ಯಾಸ್ ಮಾಯ! ಲೀಕ್ ಇರಬೇಕು ಅಂತ ಒಂದೊಂದೇ ಜಾಯಿಂಟ್ ಬಿಚ್ಚಿ, ಸೋಪಿನ ನೀರು ಹಚ್ಚಿ, ಮತ್ತೆ ಬಿಗಿ ಮಾಡಿ ನೋಡಿದೆ. ಎಲ್ಲೂ ಒಂದು ಗುಳ್ಳೆ ಬರಲಿಲ್ಲ. ಕೊನೆಗೆ ಗ್ಯಾಸ್ ಎಷ್ಟು ಹರಿಯಬೇಕು ಅಂತ ನಿಯಂತ್ರಿಸುವ ಫ್ಲೋ ಕಂಟ್ರೋಲರ್‌ನ ಕ್ಯಾಲಿಬ್ರೇಶನ್ ಹಾಳೆ ಹುಡುಕಿ ತೆಗೆದರೆ ಅದರಲ್ಲಿ 20 ಡಿಗ್ರಿ ಅಂತ ಇತ್ತು. 100ನ್ನು 24.055ರಿಂದ ಭಾಗಿಸಿದೆ, 4.157 ಬಂತು. ಲೀಕ್ ಇರಲೇ ಇಲ್ಲ. ಉತ್ತರದ ಕೆಳಗೆ ಸಣ್ಣ ಅಕ್ಷರದಲ್ಲಿ ‘0 ಡಿಗ್ರಿ’ ಅಂತ ಬರೆದಿದ್ದರೂ ಸಾಕಿತ್ತು, ಅವತ್ತು ಸಂಜೆಯೇ ಗೊತ್ತಾಗುತ್ತಿತ್ತು.

ಇನ್ನೊಂದು ತೊಂದರೆ, ಉತ್ತರ ಯಾವಾಗಲೂ ದಶಮಾಂಶದ ನಂತರ ನಾಲ್ಕೇ ಸ್ಥಾನ. ಸೆಕೆಂಡಿಗೆ 5 ನ್ಯಾನೋಮೋಲ್ ಅನ್ನು ಗಂಟೆಗೆ ಕಿಲೋಮೋಲ್ ಮಾಡಲು ಹೇಳಿದರೆ 0.0000 ಅಂತ ತೋರಿಸುತ್ತದೆ. ಸೊನ್ನೆ ಅಲ್ಲ ಅದು, 0.000000018. ಆ ಸೊನ್ನೆಯನ್ನೇ ಕಾಪಿ ಮಾಡಿ ಶೀಟ್‌ಗೆ ಹಾಕಿದರೆ ಮುಂದಿನ ಲೆಕ್ಕವೆಲ್ಲ ಹಾಳು. ಪಟ್ಟಿಯಲ್ಲಿ ಮಿಲಿಮೋಲ್, ಮೆಗಾಮೋಲ್ ಪಕ್ಕಪಕ್ಕದಲ್ಲೇ ಇವೆ, ಸಣ್ಣ ಎಂ ಮತ್ತು ದೊಡ್ಡ ಎಂ ಬಿಟ್ಟರೆ ಗುರುತಿಸಲು ಬೇರೇನೂ ಇಲ್ಲ. ಬೆರಳು ಸ್ವಲ್ಪ ಜಾರಿದರೆ ನೂರು ಕೋಟಿ ಪಟ್ಟು ವ್ಯತ್ಯಾಸ. ಪೂರ್ತಿ ಹೆಸರು ಬರೆಯಲು ಜಾಗ ಬೇಕಾದಷ್ಟಿದೆ.

ಕಟಾಲ್ ಅನ್ನೂ ಸುಮ್ನೆ ಇದೇ ಪಟ್ಟಿಗೆ ಸೇರಿಸಿದ್ದಾರೆ. ಸಂಖ್ಯೆಯಲ್ಲಿ ಅದು ಸೆಕೆಂಡಿಗೆ 1 ಮೋಲ್ ನಿಜ, ಆದರೆ ಅದು ಕಿಣ್ವ ಎಷ್ಟು ಚುರುಕಾಗಿ ಕೆಲಸ ಮಾಡುತ್ತದೆ ಅನ್ನುವ ಅಳತೆ, ಪೈಪಿನಲ್ಲಿ ಹರಿಯುವ ಗ್ಯಾಸಿನದ್ದಲ್ಲ. ಹೊಸದಾಗಿ ಕಲಿಯುವವರಿಗೆ ಗೊಂದಲ ಆಗುತ್ತದೆ.

ಯಾರು ಹಾಕಿಕೊಳ್ಳಬಹುದು? ಯೂನಿಟ್‌ನ ಎರಡೂ ಕಡೆ ಮೋಲ್ ಇದ್ದರೆ, ಸಂಖ್ಯೆ ತೀರಾ ಚಿಕ್ಕದಲ್ಲದಿದ್ದರೆ, ಧೈರ್ಯವಾಗಿ ಬಳಸಿ. ವಿದ್ಯಾರ್ಥಿಗಳಿಗೆ ಇದು ಧಾರಾಳ ಸಾಕು. ಫ್ಲೋ ಕಂಟ್ರೋಲರ್ ಜೊತೆ ಕೆಲಸ ಮಾಡುವವರು ಎಸ್‌ಸಿಸಿಎಂ ಭಾಗವನ್ನು ಮುಟ್ಟಬೇಡಿ, ನಿಮ್ಮ ಉಪಕರಣದ ಹಾಳೆಯಲ್ಲಿರುವ ಡಿಗ್ರಿ ಮತ್ತು ಒತ್ತಡ ನೋಡಿ ಕೈಯಲ್ಲೇ ಭಾಗಿಸಿ. ನಾನಂತೂ ಈಗ ಪ್ರತಿ ಕಂಟ್ರೋಲರ್ ಮೇಲೂ ಅದರ ಡಿಗ್ರಿ ಬರೆದು ಸ್ಟಿಕರ್ ಅಂಟಿಸಿದ್ದೇನೆ.

ಡಿಗ್ರಿ ಮತ್ತು ಒತ್ತಡ ಆರಿಸಲು ಎರಡು ಖಾನೆ ಕೊಡಿ ಅಂತ ಆ್ಯಪ್ ಮಾಡಿದವರಿಗೆ ಬರೆದಿದ್ದೇನೆ, ಇನ್ನೂ ಉತ್ತರ ಬಂದಿಲ್ಲ. ಕೊಟ್ಟ ದಿನ ಐದಕ್ಕೆ ಐದು ಸ್ಟಾರ್ ಮಾಡುತ್ತೇನೆ, ಸದ್ಯಕ್ಕೆ ಮೂರು.