ಕಂದೋ, ಬಾಟಲಿ ಗಿಡವೋ: ನೇಂದ್ರ ಬಾಳೆಯ ಒಂದು ವರ್ಷ

ನಮ್ಮದು ಕಾಸರಗೋಡಿನ ಬದಿಯಡ್ಕದ ಹತ್ತಿರ ಅಡಿಕೆ ತೋಟ. ತೋಟದ ಕೆಳಗಿನ ಖಾಲಿ ಗದ್ದೆಯಲ್ಲಿ ಹೋದ ವರ್ಷ ನೇಂದ್ರ ಹಾಕಿದೆ. 30 ಕಂದು (ಬಾಳೆಯ ಬುಡದಿಂದ ಏಳುವ ಮರಿ), 30 ಟಿಶ್ಯೂ ಕಲ್ಚರ್ ಗಿಡ (ಲ್ಯಾಬಿನ ಬಾಟಲಿಯಲ್ಲಿ ಬೆಳೆಸಿದ್ದು). ಒಂದೇ ಗೊಬ್ಬರ, ಒಂದೇ ಪಂಪಿನ ನೀರು. ನೆಟ್ಟದ್ದು ಅಕ್ಟೋಬರಿನಲ್ಲಿ, ಓಣಂ ಹೊತ್ತಿಗೆ ಗೊನೆ ಕಡಿಯಬೇಕು ಅಂತ. ನೇಂದ್ರಕ್ಕೆ ಆ ವಾರದ ರೇಟು ಮತ್ತೆ ಸಿಗುವುದಿಲ್ಲ.

ಕಂದು ನೆರೆಕರೆಯ ಅಣ್ಣ ಸುಮ್ನೆ ಕೊಟ್ಟರು. ಕೆಲಸ ಮಾತ್ರ ಜಾಸ್ತಿ. ಕತ್ತಿಯಂಥ ಎಲೆಯದ್ದನ್ನೇ ಆರಿಸಿ, ಬೇರು ಕೆತ್ತಿ, ಗಡ್ಡೆಗೆ ಸೆಗಣಿ-ಬೂದಿ ಸವರಿ ಒಣಗಿಸಬೇಕು. ಮೂರರಲ್ಲಿ ಹುಳ ಕೊರೆದದ್ದು ಕಂಡಿತು, ಬದಲಾಯಿಸಿದೆ. ಕಾಣದೆ ಹೋದದ್ದೆಷ್ಟೋ!

ಟಿಶ್ಯೂ ಗಿಡ ಒಂದಕ್ಕೆ 25 ರೂಪಾಯಿ. ಮಾರಿದವನು "ಒಂದೇ ಕೋಶದಿಂದ ಹುಟ್ಟಿದ ಗಿಡ ಸಾರ್" ಎಂದ. ಕೇಳಲಿಕ್ಕೆ ಚಂದ. ಆದರೆ ಬಾಳೆಯಲ್ಲಿ ಸಾಮಾನ್ಯವಾಗಿ ಮಾಡುವುದು ಬೇರೆ. ಕಂದಿನೊಳಗಿನ ಬೆಳೆಯುವ ತುದಿಯನ್ನೇ ಕೆತ್ತಿ ತೆಗೆದು, ಹಾರ್ಮೋನು ಬೆರೆಸಿದ ಜೆಲ್ಲಿಯಲ್ಲಿ ಇಡುತ್ತಾರೆ. ಸೈಟೊಕೈನಿನ್ ಎಂಬ ಹಾರ್ಮೋನು ಜಾಸ್ತಿಯಾದರೆ ಚಿಗುರು, ಆಕ್ಸಿನ್ ಎಂಬುದು ಜಾಸ್ತಿಯಾದರೆ ಬೇರು. ಒಂಟಿ ಕೋಶದಿಂದ ಇಡೀ ಗಿಡ ಎಬ್ಬಿಸಿ ತೋರಿಸಿದ್ದು 1965ರಲ್ಲಿ ವಸಿಲ್ ಮತ್ತು ಹಿಲ್ಡೆಬ್ರಾಂಟ್ ಎಂಬ ವಿಜ್ಞಾನಿಗಳು, ಅದೂ ತಂಬಾಕಿನಲ್ಲಿ. ಆ ದಾರಿಯಲ್ಲಿ ಗಿಡ ತಾಯಿಯ ಗುಣ ಬಿಡುವ ಅಪಾಯ ಜಾಸ್ತಿ. ತುದಿಯಿಂದ ಮಾಡಿದರೂ ಒಮ್ಮೊಮ್ಮೆ ತಪ್ಪುತ್ತದೆ. ನನ್ನ 30ರಲ್ಲಿ ಒಂದು ಸೊಂಟದೆತ್ತರಕ್ಕೇ ನಿಂತಿತು. (ಅಡಿಕೆಗೆ ಕಂದೂ ಇಲ್ಲ, ಇರುವುದು ಒಂದೇ ಸುಳಿ, ಅದನ್ನು ಕೆತ್ತಿದರೆ ಮರವೇ ಹೋಯಿತು. ಅದಕ್ಕೇ ಕಾಸರಗೋಡಿನ ಕೇಂದ್ರೀಯ ತೋಟಬೆಳೆ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐಯವರು ಎಳೆ ಹಿಂಗಾರದ ತುಣುಕಿನಿಂದ ಸಸಿ ಎಬ್ಬಿಸುವ ದಾರಿ ಹಿಡಿದರು.)

ಮೊದಲ ಎರಡು ತಿಂಗಳು ಕಂದಿನದ್ದೇ ಗೆಲುವು. ಅದು ಗಡ್ಡೆಯಲ್ಲೇ ಬುತ್ತಿ ಕಟ್ಟಿಕೊಂಡು ಬಂದಿರುತ್ತದೆ, ಎರಡು ದಿನ ನೀರು ತಪ್ಪಿದರೂ ಕೇಳುವುದಿಲ್ಲ. ಬಾಟಲಿಯ ತೇವದಲ್ಲಿ ಹುಟ್ಟಿದ ಗಿಡಕ್ಕೆ ಎಲೆಯ ಮೇಣದ ಪದರವೂ ಸರಿಯಾಗಿ ಬಂದಿರುವುದಿಲ್ಲ. ಅದಕ್ಕೇ ನರ್ಸರಿಯ ನೆರಳಲ್ಲಿ ಹದ ಮಾಡುತ್ತಾರೆ. ನನಗೆ ಕೊಟ್ಟವರು ಅವಸರ ಮಾಡಿದ್ದರು ಅಂತ ಕಾಣುತ್ತದೆ. ತುಲಾ ತಿಂಗಳ (ಅಕ್ಟೋಬರ್-ನವೆಂಬರಿನ) ಮಳೆ ನಿಂತ ಮೊದಲ ಬಿಸಿಲಿಗೇ ನಾಲ್ಕು ಬಾಡಿ ಹೋದವು. ಉಳಿದವಕ್ಕೆ ತೆಂಗಿನ ಮಡಲು ಚುಚ್ಚಿ ನೆರಳು ಕೊಟ್ಟೆ. ಅತ್ತ ಎರಡು ಕಂದನ್ನು ಹಂದಿ ಅಗೆದು ತಿಂದಿತು.

ಫೆಬ್ರವರಿ ಆಗುವಾಗ ಆಟ ತಿರುಗಿತು. ಆ ಗಿಡ್ಡದ್ದೊಂದು ಬಿಟ್ಟರೆ ಟಿಶ್ಯೂ ಗಿಡಗಳು ಶಾಲೆ ಮಕ್ಕಳ ಸಾಲಿನಂತೆ ಒಂದೇ ಎತ್ತರ. ಹೂ ಬಿಟ್ಟದ್ದೂ ಹೆಚ್ಚುಕಮ್ಮಿ ಎರಡು ವಾರದೊಳಗೆ. ಕಂದಿನವು ಒಂದೂವರೆ ತಿಂಗಳು ಎಳೆದವು.

ರೋಗದ ವಿಷಯದಲ್ಲಿ ದೊಡ್ಡ ಭೇದ ಇಲ್ಲ. ತುದಿ ಎಲೆ ಗುಚ್ಛವಾಗಿ ಮುದುಡುವ ವೈರಸ್ ಎರಡೂ ಕಡೆ ಒಂದೊಂದಕ್ಕೆ ಬಂತು. ಹರಡುವುದು ಗಿಡಹೇನು, ಅದು ಜಾತಕ ನೋಡುವುದಿಲ್ಲವಲ್ಲ. ತಾಯಿ ಗಿಡ ಪರೀಕ್ಷಿಸದ ಲ್ಯಾಬ್ ಆದರೆ ವೈರಸ್ಸನ್ನೂ ಗಿಡದ ಜೊತೆಗೇ ಹೆಚ್ಚಿಸಿ ಕೊಡುತ್ತದೆ, ಕೇಳಿ ತೆಗೆದುಕೊಳ್ಳಿ.

ಓಣಂ ವಾರ ಟಿಶ್ಯೂ ಸಾಲಿನಲ್ಲಿ 21 ಗೊನೆ ಕಡಿದೆ, ಕಂದಿನದ್ದರಲ್ಲಿ 11. ತೂಕ ಹೆಚ್ಚುಕಮ್ಮಿ ಒಂದೇ. ಉಳಿದ ಕಂದಿನ ಗೊನೆ ಹಬ್ಬ ಮುಗಿದ ಮೇಲೆ ಅರ್ಧ ರೇಟಿಗೆ ಹೋಯಿತು.

ಈ ಸಲ ಗದ್ದೆಗೆ ಪೂರ್ತಿ ಟಿಶ್ಯೂ ಗಿಡ. ಮನೆ ಖರ್ಚಿನ ಕದಳಿ ಜಾತಿಯ ಬಾಳೆಗೆ ಕಂದೇ ಸಾಕು, ಅದಕ್ಕೆ ಓಣಂ ಏನೂ ಇಲ್ಲ. ನೆರೆಕರೆಯ ಅಣ್ಣ ಮೊನ್ನೆ ಬಂದು ನನ್ನ ಟಿಶ್ಯೂ ಬಾಳೆಯ ಬುಡದಿಂದ ನಾಲ್ಕು ಕಂದು ಅಗೆದುಕೊಂಡು ಹೋದರು.