ಬೆಂಬಲ ನಿಂತ ಸ್ಟೋರೇಜ್: ಹಳೇ ಕಂಟ್ರೋಲರ್‌ಗೆ ಬಿಡಿಭಾಗವೋ, ಬರೀ ಶೆಲ್ಫ್ ಸಾಕೋ?

ಕಂಪನಿ ಬೆಂಬಲ ನಿಲ್ಲಿಸಿದ ಸ್ಟೋರೇಜ್‌ನಲ್ಲಿ ಉಳಿಸಿಕೊಳ್ಳಬೇಕಾದ್ದು ಡಿಸ್ಕ್ ಶೆಲ್ಫ್ (ಡಿಸ್ಕ್‌ಗಳು ಕೂರುವ ಪೆಟ್ಟಿಗೆ), ಅದನ್ನು ನಡೆಸುವ ಕಂಟ್ರೋಲರ್ ಅಲ್ಲ. ಎರಡೂ ದಾರಿಯಲ್ಲಿ ಓಡಿಸಿ ನೋಡಿದ ಮೇಲೆ ನನ್ನ ಒಲವು ಶೆಲ್ಫ್, ಸಾದಾ ಎಚ್‌ಬಿಎ (ಶೆಲ್ಫನ್ನು ಸರ್ವರ್‌ಗೆ ಜೋಡಿಸುವ ಕಾರ್ಡ್), ಲಿನಕ್ಸ್, ಝಡ್‌ಎಫ್‌ಎಸ್ (ಡಿಸ್ಕ್‌ಗಳನ್ನು ಕೂಡಿಸಿ ಒಂದು 'ಪೂಲ್' ಮಾಡುವ ಫೈಲ್ ಸಿಸ್ಟಮ್) ಕಡೆಗೇ.

ಬಿಡಿಭಾಗ ಹುಡುಕಿ ಕಂಟ್ರೋಲರ್ ಓಡಿಸುವುದರಲ್ಲಿ ಮೊದಲ ತೊಡಕು ಕ್ಯಾಶ್ ಬ್ಯಾಟರಿ. ಅದು ಸತ್ತರೆ ರೈಟ್-ಬ್ಯಾಕ್ (ಮೊದಲು ಕ್ಯಾಶ್‌ಗೆ ಬರೆಯುವುದು) ನಿಂತು ರೈಟ್-ಥ್ರೂ (ಡಿಸ್ಕ್‌ಗೆ ಬರೆದು ಮುಗಿಯುವವರೆಗೆ ಕಾಯುವುದು) ಆಗುತ್ತದೆ, ಬರವಣಿಗೆ ತೆವಳತೊಡಗುತ್ತದೆ. ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಗುವ ಬ್ಯಾಟರಿಗೂ ಅಷ್ಟೇ ವಯಸ್ಸಾಗಿರುತ್ತದೆ. ತನಗೆ ಗೊತ್ತಿಲ್ಲದ ಫರ್ಮ್‌ವೇರ್ ಇರುವ ಡಿಸ್ಕನ್ನು ಹಲವು ಕಂಟ್ರೋಲರ್‌ಗಳು ಸೇರಿಸಿಕೊಳ್ಳುವುದೇ ಇಲ್ಲ. ಅಡ್ಮಿನ್ ಪುಟಕ್ಕೆ ಹಳೇ ಜಾವಾ ಬೇಕಾದರೆ ಪ್ರತ್ಯೇಕ ವಿಎಲ್ಯಾನ್‌ನಲ್ಲಿ (ಬೇರ್ಪಡಿಸಿದ ನೆಟ್‌ವರ್ಕ್) ಒಂದು ವಿಎಂ (ವರ್ಚುವಲ್ ಮಷೀನ್) ಇಟ್ಟುಕೊಳ್ಳಬೇಕು.

ಶೆಲ್ಫ್ ದಾರಿಗೆ ಬೇಕಾದ ಸಾಮಾನು ಕಡಿಮೆ. ನೆಟ್‌ಆ್ಯಪ್ ಡಿಎಸ್4246 ಆದರೆ ಎಲ್‌ಎಸ್‌ಐ 9207-8ಇ ಕಾರ್ಡ್, ಜೊತೆಗೆ ಎಸ್‌ಎಫ್‌ಎಫ್-8088ರಿಂದ ಕ್ಯೂಎಸ್‌ಎಫ್‌ಪಿಗೆ ಹೋಗುವ ಕೇಬಲ್. ಕಾರ್ಡ್ ಐಟಿ ಮೋಡ್‌ನಲ್ಲಿರಲಿ, ಅಂದರೆ ತಾನೇ ರೇಡ್ ಮಾಡದೆ ಡಿಸ್ಕ್‌ಗಳನ್ನು ನೇರವಾಗಿ ತೋರಿಸಲಿ.

ತಲೆ ತಿನ್ನುವುದು ಸೆಕ್ಟರ್, ಅಂದರೆ ಡಿಸ್ಕ್ ಒಮ್ಮೆಗೆ ಓದಿ ಬರೆಯುವ ತುಣುಕು. ಇಂಥ ಶೆಲ್ಫ್‌ಗಳಿಂದ ಬಂದ ಎಸ್‌ಎಎಸ್ (ಸರ್ವರ್ ದರ್ಜೆಯ) ಡಿಸ್ಕ್‌ಗಳಲ್ಲಿ ಬಹಳಷ್ಟು 520 ಬೈಟ್ ಸೆಕ್ಟರ್‌ನವು: 512 ಡೇಟಾಕ್ಕೆ, 8 ಕಂಟ್ರೋಲರ್‌ನ ಚೆಕ್‌ಸಮ್‌ಗೆ. ಡಿಸ್ಕ್ ಪಟ್ಟಿ ತೋರಿಸುವ ಎಲ್‌ಎಸ್‌ಎಸ್‌ಸಿಎಸ್‌ಐ (lsscsi) ಆದೇಶ ಓಡಿಸಿದರೆ ಡಿಸ್ಕ್ ಕಾಣುತ್ತದೆ, ಎಲ್‌ಎಸ್‌ಬಿಎಲ್‌ಕೆಯಲ್ಲಿ (lsblk) ಗಾತ್ರ ಸೊನ್ನೆ! ಡಿಸ್ಕ್ ಸತ್ತಿದೆ ಎಂದು ವಾಪಸ್ ಕಳಿಸುವ ಮುನ್ನ ಕರ್ನಲ್ ಲಾಗ್ ತೋರಿಸುವ ಡಿಮೆಸೇಜ್ (dmesg) ನೋಡಿ; ಸೆಕ್ಟರ್ ಗಾತ್ರ 520 ಒಪ್ಪುವುದಿಲ್ಲ ಎಂಬ ಸಾಲು ಅಲ್ಲೇ ಇರುತ್ತದೆ.

ಮದ್ದು ಲಿನಕ್ಸ್‌ನ ಎಸ್‌ಜಿ3-ಯುಟಿಲ್ಸ್ ಸಾಧನಗಳಲ್ಲಿನ ಎಸ್‌ಜಿ-ಫಾರ್ಮ್ಯಾಟ್ (sg_format). ಗಾತ್ರ 512 ಕೊಡಿ, ಪ್ರೊಟೆಕ್ಷನ್ ಇನ್ಫೋ (ಸೆಕ್ಟರ್‌ಗೆ ಸೇರಿಸುವ ತಪಾಸಣೆ ಬೈಟ್‌ಗಳು) 0 ಮಾಡಿ. ಗಾತ್ರ ಸರಿಹೋದರೂ ಪ್ರೊಟೆಕ್ಷನ್ ಉಳಿದುಬಿಟ್ಟರೆ, ಕೆಲವು ಕಾರ್ಡ್‌ಗಳಲ್ಲಿ ಡಿಸ್ಕ್ ಮತ್ತೆ ಕೈಕೊಡಬಹುದು. 4160 ಬೈಟ್ ಸೆಕ್ಟರ್‌ನ ಡಿಸ್ಕ್ ಆದರೆ 4096 ಕೊಡಬೇಕು. ಇದು ಡೇಟಾ ಪೂರ್ತಿ ಅಳಿಸುತ್ತದೆ, ಹಾಗಾಗಿ ನಕಲು ಮೊದಲು. ದೊಡ್ಡ ಡಿಸ್ಕ್‌ಗೆ ಹಲವು ಗಂಟೆ ಹಿಡಿಯುತ್ತದೆ. ಟಿಮಕ್ಸ್‌ನಲ್ಲಿ (ಒಂದೇ ಟರ್ಮಿನಲ್‌ನಲ್ಲಿ ಹಲವು ಕಿಟಕಿ ತೆರೆಯುವ ಸಾಧನ) ಒಂದೊಂದು ಡಿಸ್ಕ್‌ಗೆ ಒಂದು ಕಿಟಕಿ ತೆರೆದು ಎಲ್ಲವನ್ನೂ ಒಟ್ಟಿಗೇ ಬಿಡಬಹುದು. ನಡುವೆ ಕರೆಂಟ್ ಹೋದರೆ 'ಫಾರ್ಮ್ಯಾಟ್ ಕೆಟ್ಟಿದೆ' ಎಂಬ ಸ್ಥಿತಿಯಲ್ಲಿ ಡಿಸ್ಕ್ ನಿಂತುಬಿಡುತ್ತದೆ. ಗಾಬರಿ ಬೇಡ, ಅದೇ ಆದೇಶ ಮತ್ತೆ ಕೊಟ್ಟು ಪೂರ್ತಿಯಾಗಲು ಬಿಡಿ. ಸ್ವಯಂ-ಎನ್‌ಕ್ರಿಪ್ಷನ್ ಡಿಸ್ಕ್ ಲಾಕ್ ಆಗಿದ್ದರೆ ಮೊದಲು ಲೇಬಲ್ ಮೇಲಿನ ಪಿಎಸ್‌ಐಡಿ (ಆ ಡಿಸ್ಕ್‌ನ ಗುಪ್ತ ಸಂಕೇತ) ಬಳಸಿ ರಿವರ್ಟ್ ಮಾಡಬೇಕು, ಅಂದರೆ ಕಾರ್ಖಾನೆ ಸ್ಥಿತಿಗೆ ತರಬೇಕು.

ಶೆಲ್ಫ್‌ನ ಎರಡೂ ಐಒ ಮಾಡ್ಯೂಲ್‌ಗೆ (ಕೇಬಲ್ ಕೂರುವ ಘಟಕ) ಕೇಬಲ್ ಹಾಕಿದರೆ ಡಿಸ್ಕ್‌ಗಳು ಎರಡೆರಡು ಸಲ ಕಾಣುತ್ತವೆ. ಪೂಲ್ ಮಾಡುವ ಮೊದಲೇ, ಆ ಎರಡು ದಾರಿಯನ್ನು ಒಂದೇ ಡಿಸ್ಕ್ ಆಗಿ ತೋರಿಸುವ ಮಲ್ಟಿಪಾತ್ ಹೊಂದಿಸಿ. ಫ್ಯಾನ್, ತಾಪಮಾನ, ಡಿಸ್ಕ್ ಗುರುತಿಸುವ ದೀಪ, ಎಲ್ಲಕ್ಕೂ ಅದೇ ಎಸ್‌ಜಿ3-ಯುಟಿಲ್ಸ್‌ನ ಎಸ್‌ಜಿ-ಎಸ್‌ಇಎಸ್ (sg_ses) ಸಾಕು. 24 ಡಿಸ್ಕ್‌ನ ಶೆಲ್ಫ್‌ಗೆ 11ರ ಎರಡು ರೇಡ್‌ಝಡ್2 (ಎರಡು ಡಿಸ್ಕ್ ಸತ್ತರೂ ಡೇಟಾ ಉಳಿಯುವ ಝಡ್‌ಎಫ್‌ಎಸ್ ಗುಂಪು), ಉಳಿದ ಎರಡು ಸ್ಪೇರ್.

ಈ ದಾರಿಯಲ್ಲಿ ಕಳೆದುಕೊಳ್ಳುವುದು ಕಂಟ್ರೋಲರ್ ಫೇಲೋವರ್, ಅಂದರೆ ಒಂದು ಕೆಟ್ಟರೆ ಇನ್ನೊಂದು ತಾನಾಗಿ ಕೆಲಸ ಹಿಡಿಯುವುದು. ಸರ್ವರ್ ಕೆಟ್ಟರೆ ಕೇಬಲನ್ನು ಇನ್ನೊಂದಕ್ಕೆ ಚುಚ್ಚಿ ಪೂಲ್ ಇಂಪೋರ್ಟ್ ಮಾಡುವವರೆಗೆ ಸೇವೆ ನಿಲ್ಲುತ್ತದೆ. ಅಷ್ಟು ಹೊತ್ತನ್ನೂ ತಾಳದ ಕೆಲಸಕ್ಕೆ ಹಳೇ ಕಂಟ್ರೋಲರ್ ನೋಡಿಕೊಳ್ಳುವ ಹೊರಗಿನ ಕಂಪನಿಯ ನಿರ್ವಹಣಾ ಒಪ್ಪಂದವೇ ಸರಿ. ಬ್ಯಾಕಪ್, ಆರ್ಕೈವ್, ಟೆಸ್ಟ್ ವಿಎಂ ಇಟ್ಟುಕೊಂಡು, ದಿನಾ ಲಾಗ್ ನೋಡುವ ನನ್ನಂಥವರಿಗೆ ಒಪ್ಪಂದದ ಹಣದಲ್ಲಿ ಇನ್ನೊಂದು ಎಚ್‌ಬಿಎ, ಇನ್ನೊಂದು ಕೇಬಲ್, ಇನ್ನೊಂದು ಐಒ ಮಾಡ್ಯೂಲ್, ನಾಲ್ಕು ಡಿಸ್ಕ್ ಕೊಂಡಿಡುವುದೇ ಲೇಸು. ಆ ನಾಲ್ಕನ್ನೂ ಬಂದ ದಿನವೇ ಫಾರ್ಮ್ಯಾಟ್ ಮಾಡಿ, ಮೇಲೆ '512' ಎಂದು ಚೀಟಿ ಅಂಟಿಸಿಡಿ.