ಮೂಗುಬೊಟ್ಟು, ಎಣ್ಣೆ ತಲೆ, ಸಿಪ್ಯಾಪ್: ಎರಡೂವರೆ ವರ್ಷ ಬಳಸಿದ ಮೇಲೆ

ಹೆಂಗಸರು ಗೊರಕೆ ಹೊಡೆಯುತ್ತಾರೆ ಅಂತ ಹೇಳಿಕೊಳ್ಳುವುದಕ್ಕೇ ನಮ್ಮ ಕಡೆ ನಾಚಿಕೆ. ನನಗೂ ಇತ್ತು. ಮದುವೆ ಮನೆಗೆ ಹೋದರೆ ಎಲ್ಲರೂ ಮಲಗುವ ತನಕ ಸುಮ್ನೆ ಮಾತಾಡಿಕೊಂಡು ಕೂತಿರುತ್ತಿದ್ದೆ. ನಾನು ಮೊದಲು ಮಲಗಿದರೆ ಉಳಿದವರು ನಿದ್ದೆ ಮಾಡಿದ ಹಾಗೇ ಅಂತ ನನಗೆ ಚೆನ್ನಾಗಿ ಗೊತ್ತಿತ್ತು. ಆ ಗೊರಕೆಯ ಹಿಂದೆ ಇದ್ದಿದ್ದು ಸ್ಲೀಪ್ ಅಪ್ನಿಯಾ, ಅಂದರೆ ನಿದ್ದೆಯಲ್ಲಿ ಉಸಿರು ಮತ್ತೆ ಮತ್ತೆ ನಿಲ್ಲುವ ತೊಂದರೆ. ಅದಕ್ಕೆ ರಾತ್ರಿ ಮಾಸ್ಕ್ ಹಾಕಿಕೊಂಡು ಬಳಸುವ, ಗಾಳಿ ಊದುವ ಮೆಷೀನೇ ಸಿಪ್ಯಾಪ್.

ಆಗ ನನಗೆ 51. ಶಿವಮೊಗ್ಗದಲ್ಲಿ ಬ್ಯಾಂಕ್ ಕೆಲಸ. ರಾತ್ರಿ ಮೂರು ಸಲ ಮೂತ್ರಕ್ಕೆ ಏಳುತ್ತಿದ್ದೆ. ಶುಗರ್ ಇರಬೇಕು ಅಂತ ಎರಡು ಸಲ ರಕ್ತ ಕೊಟ್ಟು ಬಂದೆ, ಎರಡು ಸಲವೂ ನಾರ್ಮಲ್. ಬೆಳಗ್ಗೆ ಎದ್ದರೆ ಹಣೆ ಹಿಂಡಿದ ಹಾಗೆ ತಲೆನೋವು. ಮಧ್ಯಾಹ್ನ ಊಟವಾದ ಮೇಲೆ ಕೌಂಟರಿನಲ್ಲಿ ಪಾಸ್‌ಬುಕ್ ಹಿಡಿದುಕೊಂಡೇ ತೂಕಡಿಕೆ. ಕೊನೆಗೆ ಎಳೆದುಕೊಂಡು ಹೋಗಿದ್ದು ನಮ್ಮ ಮನೆಯವರು. "ಗೊರಕೆ ಇರ್ಲಿ ಮಾರಾಯ್ತಿ, ಅದು ನಂಗೆ ಅಭ್ಯಾಸ ಆಗಿದೆ. ಮಧ್ಯೆ ಸದ್ದೇ ನಿಂತುಹೋಗುತ್ತಲ್ಲ, ಆಗ ನಂಗೆ ಭಯ. ಎದ್ದು ಕೂತು ಎಣಿಸ್ತಾ ಇರ್ತೀನಿ" ಅಂದರು. ಎಷ್ಟು ದಿನದಿಂದ ಎಣಿಸುತ್ತಿದ್ದರೋ, ಕೇಳುವ ಧೈರ್ಯ ಆಗಲಿಲ್ಲ.

ಮನೆಯಲ್ಲೇ ಮಾಡುವ ಸ್ಲೀಪ್ ಸ್ಟಡಿ ಮಾಡಿಸಿದೆವು. ಎದೆಗೆ ಒಂದು ಬೆಲ್ಟ್, ಮೂಗಿಗೆ ಸಣ್ಣ ಕೊಳವೆ, ಬೆರಳಿಗೆ ಆಕ್ಸಿಜನ್ ನೋಡುವ ಕ್ಲಿಪ್. ರಿಪೋರ್ಟಿನಲ್ಲಿ ಎಎಚ್‌ಐ 34 ಅಂತ ಬಂತು. ಗಂಟೆಗೆ ಎಷ್ಟು ಸಲ ಉಸಿರು ನಿಲ್ಲುತ್ತದೆ ಅಥವಾ ಸೊರಗುತ್ತದೆ ಅನ್ನುವ ಲೆಕ್ಕ ಅದು. 5ರ ಒಳಗೆ ಇದ್ದರೆ ಸರಿ, 15ರ ತನಕ ಸ್ವಲ್ಪ, 30 ದಾಟಿದರೆ ಜೋರು. ಒಂದೊಂದು ಸಲವೂ ಕಡಿಮೆ ಅಂದರೆ 10 ಸೆಕೆಂಡ್. ಆರು ಗಂಟೆ ಮಲಗಿದರೆ 200 ಸಲ! ಆಕ್ಸಿಜನ್ ಒಂದು ಹೊತ್ತಿನಲ್ಲಿ 76ಕ್ಕೆ ಇಳಿದಿತ್ತು. ಕೋವಿಡ್ ಕಾಲದಲ್ಲಿ ಬೆರಳಿಗೆ ಕ್ಲಿಪ್ ಹಾಕಿಕೊಂಡು 94 ಬಂದರೇ ಗಾಬರಿಯಾಗುತ್ತಿದ್ದವರು ನಾವು. ಮುಟ್ಟು ನಿಂತ ಮೇಲೆ ಹೆಂಗಸರಲ್ಲಿ ಈ ತೊಂದರೆ ಜಾಸ್ತಿಯಾಗುತ್ತದೆ ಅಂತ ಡಾಕ್ಟರು ಹೇಳಿದರು. ರಾತ್ರಿ ಮೂತ್ರಕ್ಕೆ ಏಳುವುದಕ್ಕೂ ಇದೇ ಕಾರಣ ಇರಬಹುದು ಅಂದಾಗ ಮಾತ್ರ ನಾನು ನಂಬಲಿಲ್ಲ.

2022ರ ಡಿಸೆಂಬರಿನಲ್ಲಿ ಮೆಷೀನು ತಂದೆವು. ಪ್ರೆಶರನ್ನು ತಾನೇ ಹೆಚ್ಚು ಕಡಿಮೆ ಮಾಡಿಕೊಳ್ಳುವ ಆಟೋ ಸಿಪ್ಯಾಪ್, ಜೊತೆಗೆ ನೀರು ಕಾಯಿಸಿ ಗಾಳಿಗೆ ತೇವ ಸೇರಿಸುವ ಹ್ಯುಮಿಡಿಫೈಯರ್. 58 ಸಾವಿರ, ಮಾಸ್ಕ್ ಬೇರೆ ಏಳೂವರೆ ಸಾವಿರ. ಇನ್ಶೂರೆನ್ಸಿನವರು ಇದಕ್ಕೆ ಕೊಡಲ್ಲ ಅಂದರು, ಪೂರ್ತಿ ಕೈಯಿಂದಲೇ ಹೋಯಿತು. ಕಂಪನಿಯ ಹೆಸರು ಬರೆಯುತ್ತಿಲ್ಲ. ನಾನು ಹೇಳುವುದರಲ್ಲಿ ಮುಕ್ಕಾಲು ಪಾಲು ಯಾವ ಮೆಷೀನಿಗಾದರೂ ಹೊಂದುತ್ತದೆ. ಈಗ ಅದರ ಪರದೆಯಲ್ಲಿ 5,900 ಗಂಟೆ ಓಡಿದೆ ಅಂತ ತೋರಿಸುತ್ತಿದೆ.

ಇದು ಆಕ್ಸಿಜನ್ ಮೆಷೀನು ಅಲ್ಲ. ಬಂದವರೆಲ್ಲ ಹಾಗೇ ಅಂದುಕೊಳ್ಳುತ್ತಾರೆ. ಕೋಣೆಯ ಗಾಳಿಯನ್ನೇ ಸ್ವಲ್ಪ ಒತ್ತಡದಲ್ಲಿ ಮೂಗಿಗೆ ಬಿಡುತ್ತದೆ, ಅಷ್ಟೇ. ನಿದ್ದೆಯಲ್ಲಿ ಗಂಟಲಿನ ಸ್ನಾಯು ಸಡಿಲವಾಗಿ, ನಾಲಿಗೆ ಹಿಂದಕ್ಕೆ ಜಾರಿ ದಾರಿ ಮುಚ್ಚುತ್ತದಲ್ಲ, ಆ ಗಾಳಿ ಮುಚ್ಚದ ಹಾಗೆ ನೋಡಿಕೊಳ್ಳುತ್ತದೆ. ಗಾಳಿ ತುಂಬಿದ ಸೈಕಲ್ ಟ್ಯೂಬು ಮಡಚಿಕೊಳ್ಳುವುದಿಲ್ಲ ಅಲ್ವಾ, ಹಾಗೆ. 1980ರ ಹೊತ್ತಿಗೆ ಸಿಡ್ನಿಯ ಕಾಲಿನ್ ಸಲಿವನ್ ಅನ್ನುವ ಡಾಕ್ಟರು ಇದನ್ನು ಮೊದಲು ಮಾಡಿದ್ದು. ಶುರುವಿನ ಮೆಷೀನುಗಳಿಗೆ ವ್ಯಾಕ್ಯೂಮ್ ಕ್ಲೀನರಿನ ಮೋಟರೇ ಹಾಕುತ್ತಿದ್ದರು. ಅದಕ್ಕೆ ಮುಂಚೆ ತುಂಬಾ ಜೋರಾಗಿದ್ದವರಿಗೆ ಕತ್ತಿನಲ್ಲಿ ತೂತು ಮಾಡುವುದೇ ದಾರಿಯಾಗಿತ್ತು. ಮೊದಲ ವಾರ ಅಳು ಬಂದಾಗೆಲ್ಲ ನಾನು ಇದನ್ನೇ ನೆನೆಸಿಕೊಂಡಿದ್ದು.

ಮೊದಲ ರಾತ್ರಿ ಹನ್ನೊಂದಕ್ಕೆ ಹಾಕಿಕೊಂಡೆ. ಬೆಳಗ್ಗೆ ನೋಡಿದರೆ ಮಾಸ್ಕ್ ಮಂಚದ ಕೆಳಗೆ ಬಿದ್ದಿದೆ, ಮೆಷೀನು ಆಫ್ ಆಗಿದೆ. ಯಾವಾಗ ಕಿತ್ತು ಎಸೆದೆನೋ ಗೊತ್ತೇ ಇಲ್ಲ. ಮೊದಲ ವಾರದ ಸರಾಸರಿ ದಿನಕ್ಕೆ 2 ಗಂಟೆ 10 ನಿಮಿಷ. ಹಾಕಿಕೊಂಡ ತಕ್ಷಣ ಉಸಿರು ಕಟ್ಟಿದ ಹಾಗೆ ಆಗುತ್ತಿತ್ತು. ಗಾಳಿ ಸಾಲದು ಅನ್ನಿಸುತ್ತಿತ್ತು. ಗಾಳಿ ಊದುವ ಮೆಷೀನು ಹಾಕಿಕೊಂಡು ಗಾಳಿ ಸಾಲದು ಅಂದರೆ ಯಾರು ನಂಬುತ್ತಾರೆ? ಮಾರಿದ ಅಂಗಡಿಗೆ ಫೋನ್ ಮಾಡಿದರೆ "ಅಭ್ಯಾಸ ಆಗುತ್ತೆ ಮೇಡಂ" ಅನ್ನುವುದೊಂದೇ ಉತ್ತರ.

ಆಮೇಲೆ ಗೊತ್ತಾಯಿತು. ಮೆಷೀನಿನ ಪ್ರೆಶರು 4ರಿಂದ 20 ಅಂತ ಇತ್ತು. ಪೆಟ್ಟಿಗೆಯಿಂದ ಬರುವಾಗ ಹಾಗೇ ಇರುತ್ತದೆ. ಅಂಗಡಿಯ ಹುಡುಗ ಹತ್ತು ನಿಮಿಷದಲ್ಲಿ ಪ್ಲಗ್ ಹಾಕಿ, ಸಹಿ ಹಾಕಿಸಿಕೊಂಡು ಹೋಗಿದ್ದ, ಏನನ್ನೂ ಮುಟ್ಟಿರಲಿಲ್ಲ. ತುಂಬಾ ಜನರಿಗೆ 4 ಅಂದರೆ ಸಾಲುವುದೇ ಇಲ್ಲವಂತೆ. ಆ ಕಡೆ ಮೇಲಿನ 20 ಖುಲ್ಲಾ ಬಿಟ್ಟಿದ್ದರಿಂದ, ಮಾಸ್ಕ್ ಸರಿದು ಗಾಳಿ ಸೋರಿದ ರಾತ್ರಿ ಪ್ರೆಶರು ಸಿಕ್ಕಾಪಟ್ಟೆ ಏರಿ, ಗಾಳಿ ಹೊಟ್ಟೆಗೆ ಹೋಗುತ್ತಿತ್ತು. ಬೆಳಗ್ಗೆ ಹೊಟ್ಟೆ ಪೂರಿಯ ಹಾಗೆ ಉಬ್ಬಿರುತ್ತಿತ್ತು. ಕಾಫಿಗೆ ಮುಂಚೆ ಹತ್ತು ತೇಗು. ಡಾಕ್ಟರಿಗೆ ಮೆಷೀನಿನ ಮೆಮೊರಿ ಕಾರ್ಡ್ ತೋರಿಸಿದ ಮೇಲೆ 6ರಿಂದ 12 ಮಾಡಿಕೊಟ್ಟರು. ಉಸಿರು ಬಿಡುವಾಗ ಒತ್ತಡ ಸ್ವಲ್ಪ ತಗ್ಗಿಸುವ ಸೆಟ್ಟಿಂಗ್ ಒಂದಿರುತ್ತದೆ, ಅದನ್ನೂ ಹಾಕಿದರು. ಆ ರಾತ್ರಿ ಐದು ಗಂಟೆ ಮಲಗಿದೆ. ನೀವು ಹೊಸಬರಾದರೆ ಮೊದಲು ಈ ಎರಡು ಅಂಕಿ ಏನಿದೆ ಅಂತ ಡಾಕ್ಟರನ್ನು ಕೇಳಿ. ನೀವೇ ಬದಲಾಯಿಸಲು ಮಾತ್ರ ಹೋಗಬೇಡಿ.

ಇನ್ನು ಮಾಸ್ಕ್. ನನ್ನನ್ನು ಕೇಳಿದರೆ ಜಗಳ ಪೂರ್ತಿ ಮಾಸ್ಕಿನ ಜೊತೆಗೇ. ಮೂರು ಥರ ಸಿಗುತ್ತದೆ: ಮೂಗು ಬಾಯಿ ಎರಡನ್ನೂ ಮುಚ್ಚುವುದು, ಮೂಗನ್ನಷ್ಟೇ ಮುಚ್ಚುವುದು, ಮೂಗಿನ ಹೊಳ್ಳೆಗೆ ಸೇರಿಸಿಕೊಳ್ಳುವ ಸಣ್ಣ ಪಿಲ್ಲೋ. ನನಗೆ ಕೊಟ್ಟಿದ್ದು ಮೊದಲನೆಯದು, ಅದೂ ಮೀಡಿಯಂ ಸೈಜು. ನನ್ನ ಮುಖಕ್ಕೆ ಸ್ಮಾಲ್ ಬೇಕಿತ್ತು, ಯಾರೂ ಅಳೆದು ನೋಡಿರಲಿಲ್ಲ. ಸೋರದಿರಲಿ ಅಂತ ಪಟ್ಟಿ ಬಿಗಿ ಮಾಡುತ್ತಾ ಹೋದೆ, ಮಾಡಿದಷ್ಟೂ ಜಾಸ್ತಿ ಸೋರಿತು. ಕುಶನ್ (ಮಾಸ್ಕಿನಲ್ಲಿ ಮುಖಕ್ಕೆ ತಾಗುವ ಮೆತ್ತನೆಯ ಸಿಲಿಕಾನ್ ಭಾಗ) ಒಳಗೆ ಗಾಳಿ ತುಂಬಿಕೊಂಡು ಮುಖಕ್ಕೆ ತಾನೇ ಕೂರಬೇಕು, ಹಿಸುಕಿದರೆ ಕೂರುವುದಿಲ್ಲ. ಕೂತುಕೊಂಡು ಕಟ್ಟಿಕೊಳ್ಳಬೇಡಿ. ಮಲಗಿ, ಮೆಷೀನು ಆನ್ ಮಾಡಿ, ಗಾಳಿ ಬರುವಾಗ ಪಟ್ಟಿ ಸರಿಮಾಡಿಕೊಳ್ಳಿ. ಮಲಗಿದರೆ ಕೆನ್ನೆಯ ಆಕಾರವೇ ಬೇರೆ.

ಆದರೂ ಎಡಗಡೆ ಒಂದು ಕಡೆ ಸುಯ್ ಅಂತ ಸೋರುತ್ತಲೇ ಇತ್ತು. ನೇರ ಕಣ್ಣಿಗೆ ಬಡಿಯುತ್ತಿತ್ತು. ಹದಿನೈದು ದಿನ ತಲೆಕೆಡಿಸಿಕೊಂಡೆ. ಒಂದು ದಿನ ಕನ್ನಡಿ ಮುಂದೆ ಹಾಕಿಕೊಂಡು ನೋಡಿದರೆ ಕುಶನ್ನಿನ ಅಂಚು ಸರಿಯಾಗಿ ನನ್ನ ಮೂಗುಬೊಟ್ಟಿನ ಮೇಲೆ ಕೂತಿದೆ! ಏಳು ಕಲ್ಲಿನದು, ಅಮ್ಮ ಮಾಡಿಸಿಕೊಟ್ಟಿದ್ದು, ಮೂವತ್ತು ವರ್ಷದಿಂದ ತೆಗೆದಿರಲಿಲ್ಲ. ಮಾಸ್ಕಿನ ಜೊತೆ ಬರುವ ಪುಸ್ತಕದಲ್ಲಿ ಗಡ್ಡದ ಬಗ್ಗೆ ಬರೆದಿದ್ದರು, ಮೂಗುಬೊಟ್ಟಿನ ಮಾತೇ ಇಲ್ಲ. ಅತ್ತೆಗೆ ಹೇಳಿದೆ. ಅವರು ಬೈಯುತ್ತಾರೆ ಅಂದುಕೊಂಡಿದ್ದೆ. "ಉಸಿರಿಗಿಂತ ಬೊಟ್ಟು ದೊಡ್ಡದೇನೇ, ತೆಗಿ" ಅಂದುಬಿಟ್ಟರು. ಅಕ್ಕಸಾಲಿಗರ ಹತ್ತಿರ ಹೋಗಿ ಒಂಟಿ ಕಲ್ಲಿನ, ಚರ್ಮಕ್ಕೆ ಅಂಟಿದ ಹಾಗೆ ಕೂರುವ ಸಣ್ಣ ಬೊಟ್ಟು ಹಾಕಿಸಿಕೊಂಡೆ. ಏಳು ಕಲ್ಲಿನದು ಈಗ ಹಬ್ಬಕ್ಕೆ ಮಾತ್ರ.

ಎರಡನೇ ಕಳ್ಳ ಎಣ್ಣೆ. ನನ್ನ ಮೆಷೀನಿನ ಮೊಬೈಲ್ ಆ್ಯಪಿನಲ್ಲಿ ದಿನಾ ನೂರಕ್ಕೆ ಇಷ್ಟು ಅಂತ ಮಾರ್ಕ್ಸ್ ಬರುತ್ತದೆ. ಅದರಲ್ಲಿ 70 ಬರೀ ಹಾಕಿಕೊಂಡ ಗಂಟೆಗೆ, 20 ಮಾಸ್ಕ್ ಸೋರದಿರುವುದಕ್ಕೆ. ನನಗೆ ವಾರವೆಲ್ಲ ಚೆನ್ನಾಗಿ ಬಂದು ಶನಿವಾರ ರಾತ್ರಿ ಬೀಳುತ್ತಿತ್ತು. ಶನಿವಾರ ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿ ಮಲಗಿ, ಭಾನುವಾರ ಸ್ನಾನ ಮಾಡುವ ರೂಢಿ ನನ್ನದು. ಹಣೆಗೆ ಇಳಿದ ಎಣ್ಣೆ ಸಾಕು, ಸಿಲಿಕಾನ್ ಜಾರುತ್ತದೆ. ಈಗ ಭಾನುವಾರ ಬೆಳಗ್ಗೆ ಹಚ್ಚಿಕೊಂಡು ಒಂದು ಗಂಟೆ ಬಿಟ್ಟು ಸ್ನಾನ. ರಾತ್ರಿ ಮುಖಕ್ಕೆ ಕ್ರೀಮ್ ಇಲ್ಲ, ಸೋಪು ಹಾಕಿ ತೊಳೆದುಕೊಂಡೇ ಮಾಸ್ಕ್. ಜಡೆ ಇರುವವರಿಗೆ ಇನ್ನೊಂದು ಮಾತು: ಹಿಂದೆ ಗಂಟು ಹಾಕಿದರೆ ಪಟ್ಟಿ ಮೇಲಕ್ಕೆ ಜಾರುತ್ತದೆ. ಪಕ್ಕಕ್ಕೆ ಸಡಿಲವಾಗಿ ಹೆಣೆದುಕೊಳ್ಳಿ.

ಮೂರನೇ ತಿಂಗಳಿಗೆ ಮೂಗಿನ ಮಾಸ್ಕಿಗೆ ಬದಲಾಯಿಸಿದೆ. ಅಷ್ಟು ಹೊತ್ತಿಗೆ ಬಾಯಿ ಮುಚ್ಚಿ ಮಲಗುವುದು ಬಂದಿತ್ತು. ಅದು ಸೊಗಸಾಗಿದೆ, ಕನ್ನಡಕ ಹಾಕಿಕೊಂಡು ಓದಬಹುದು. ನೆಗಡಿಯಾದಾಗ ಮಾತ್ರ ಹಳೆಯದೇ ಗತಿ, ಹಾಗಾಗಿ ಅದನ್ನು ಎಸೆದಿಲ್ಲ. ಬೆಳಗ್ಗೆ ಕೆನ್ನೆ ಮೇಲೆ ಬೀಳುತ್ತಿದ್ದ ಗೆರೆಗೆ ಮಾರುಕಟ್ಟೆಯಲ್ಲಿ ಬಟ್ಟೆಯ ಕವರ್ ಸಿಗುತ್ತದೆ. ನಾನು ಹಳೇ ಕಾಟನ್ ಸೀರೆಯ ಸೆರಗು ಕತ್ತರಿಸಿ ಹೊಲಿದುಕೊಂಡೆ. ಅಂಗಡಿಯದಕ್ಕಿಂತ ಮೆತ್ತಗಿದೆ.

ಮಾಸ್ಕಿನ ಭಯ ಹೋಗಿದ್ದು ಮಾತ್ರ ಹಾಸಿಗೆಯಲ್ಲಿ ಅಲ್ಲ, ನಡುಮನೆಯಲ್ಲಿ. ಸಂಜೆ ಟಿವಿ ಮುಂದೆ ಕೂತು ಬೆಳ್ಳುಳ್ಳಿ ಸುಲಿಯುತ್ತಾ ಮಾಸ್ಕ್ ಹಾಕಿಕೊಂಡಿರಿ ಅಂತ ನರ್ಸ್ ಒಬ್ಬರು ಹೇಳಿಕೊಟ್ಟರು (ಬೆಳ್ಳುಳ್ಳಿ ನನ್ನ ಸೇರ್ಪಡೆ). ಮೊದಲು ಬರೀ ಮಾಸ್ಕ್, ನಾಲ್ಕು ದಿನ ಬಿಟ್ಟು ಮೆಷೀನು ಆನ್ ಮಾಡಿ. ಕೈಗೆ ಕೆಲಸ ಇದ್ದರೆ ಮುಖದ ಕಡೆ ಗಮನ ಹೋಗುವುದಿಲ್ಲ. ಹತ್ತು ದಿನದಲ್ಲಿ ಎದೆ ಡವಡವ ಅನ್ನುವುದು ನಿಂತಿತು.

ಮಲೆನಾಡಿನವರಿಗೆ ಎರಡು ವಿಷಯ. ಚಳಿಗಾಲದಲ್ಲಿ ಹ್ಯುಮಿಡಿಫೈಯರಿನ ಬೆಚ್ಚಗಿನ ಹಬೆ ತಣ್ಣಗಿನ ಪೈಪಿನಲ್ಲಿ ನೀರಾಗಿ, ಬೆಳಗಿನ ಜಾವ ಗುಳುಗುಳು ಅಂತ ಮೂಗಿಗೇ ಬರುತ್ತದೆ. ಬಿಸಿಯಾಗುವ ಪೈಪ್ ಸಿಗುತ್ತದೆ, ದುಬಾರಿ. ಪೈಪನ್ನು ಕಂಬಳಿಯೊಳಗೆ ಹಾಸಿಕೊಂಡು, ಮೆಷೀನನ್ನು ಮಂಚಕ್ಕಿಂತ ಕೆಳಗೆ ಸ್ಟೂಲಿನ ಮೇಲೆ ಇಟ್ಟರೆ ನೀರು ವಾಪಸ್ ಇಳಿಯುತ್ತದೆ. ಮಳೆಗಾಲದಲ್ಲಿ ನನಗೆ ಹ್ಯುಮಿಡಿಫೈಯರೇ ಬೇಡ. ಇನ್ನೊಂದು, ಕರೆಂಟು. "ಮಧ್ಯರಾತ್ರಿ ಕರೆಂಟ್ ಹೋದ್ರೆ ಉಸಿರು ಕಟ್ಟಲ್ವೇನೇ?" ಅಂತ ಅತ್ತೆಗೆ ಚಿಂತೆ. ಕಟ್ಟುವುದಿಲ್ಲ. ಬಾಯಿ ಮೂಗು ಮುಚ್ಚುವ ಮಾಸ್ಕಿನಲ್ಲಿ, ಗಾಳಿ ನಿಂತರೆ ತಾನೇ ತೆರೆದುಕೊಳ್ಳುವ ಕವಾಟ ಇರುತ್ತದೆ. ಮೂಗಿನದಾದರೆ ಬಾಯಿ ಖಾಲಿಯೇ ಇದೆಯಲ್ಲ. ಮನೆ ಇನ್ವರ್ಟರಿಗೆ ನಮ್ಮದು ಹೊರೆಯಾಗಿಲ್ಲ. ನೀರು ಕಾಯಿಸುವುದು ಆಫ್ ಮಾಡಿದರೆ ಹಳೇ ಸೀಲಿಂಗ್ ಫ್ಯಾನಿಗಿಂತ ಕಡಿಮೆ ಕರೆಂಟು ತಿನ್ನುತ್ತದೆ.

ತೊಳೆಯುವುದು ದೊಡ್ಡ ವಿಷಯವಲ್ಲ. ಕುಶನ್ ದಿನಾ, ಪೈಪು ವಾರಕ್ಕೊಮ್ಮೆ, ಸಾದಾ ಸೋಪಿನ ನೀರಿನಲ್ಲಿ, ನೆರಳಲ್ಲಿ ಒಣಗಿಸಿ. ಓಝೋನ್ ಗಾಳಿ ಹಾಯಿಸಿ ತೊಳೆಯುವ ಯಂತ್ರ ಮಾರಲು ಬಂದರೆ ತೆಗೆದುಕೊಳ್ಳಬೇಡಿ. ಫಿಲ್ಟರು ಆರು ತಿಂಗಳಿಗೊಮ್ಮೆ ಅಂತ ಬರೆದಿರುತ್ತಾರೆ, ರಸ್ತೆ ಪಕ್ಕದ ನಮ್ಮ ಮನೆಯಲ್ಲಿ ಎರಡೇ ತಿಂಗಳಿಗೆ ಬೂದಿ ಬಣ್ಣ. ಹ್ಯುಮಿಡಿಫೈಯರಿನ ತೊಟ್ಟಿಗೆ ಡಿಸ್ಟಿಲ್ಡ್ ವಾಟರ್ ಹಾಕಿ ಅನ್ನುತ್ತಾರೆ, ಅದು ಸುಮ್ನೆ ಹೇಳುವ ಮಾತಲ್ಲ. ಚಿತ್ರದುರ್ಗದ ತಂಗಿ ಮನೆಯಲ್ಲಿ ಒಂದು ವಾರ ಬೋರ್ ನೀರು ಕಾಯಿಸಿ ಹಾಕಿದ್ದಕ್ಕೆ ತೊಟ್ಟಿಯ ತಳದಲ್ಲಿ ಸುಣ್ಣ ಬಳಿದ ಹಾಗೆ ಆಗಿತ್ತು. ಒಂದು ಪಾಲು ವಿನೆಗರಿಗೆ ಹತ್ತು ಪಾಲು ನೀರು ಹಾಕಿ ನೆನೆಸಿಟ್ಟ ಮೇಲೆ ಬಿಟ್ಟಿತು.

ಸಿಕ್ಕಿದ್ದೇನು? ಮೂತ್ರಕ್ಕೆ ಏಳುವುದು ಎರಡನೇ ತಿಂಗಳಲ್ಲೇ ನಿಂತಿತು. ಡಾಕ್ಟರ ಮಾತು ನಂಬದೇ ಇದ್ದಿದ್ದಕ್ಕೆ ನಾಚಿಕೆಯಾಯಿತು. ಬೆಳಗಿನ ತಲೆನೋವು ಹೋಗಿದೆ. ಎಎಚ್‌ಐ ಈಗ 2ರಿಂದ 3ರ ಒಳಗೆ. ಬಿಪಿ ಸ್ವಲ್ಪ ಇಳಿದಿದೆ, ಆದರೆ ಮಾತ್ರೆ ಬಿಟ್ಟಿಲ್ಲ. ತೂಕ ಒಂದು ಕೆಜಿಯೂ ಇಳಿದಿಲ್ಲ, ಅದಕ್ಕೆ ಮೆಷೀನನ್ನು ಬೈಯುವ ಹಾಗಿಲ್ಲ. ಸುಸ್ತು ಮಾತ್ರ ಒಂದೇ ಸಲ ಹೋಗಲಿಲ್ಲ, ನಾಲ್ಕು ತಿಂಗಳು ಹಿಡಿಯಿತು. ಮೊದಲ ತಿಂಗಳು ದುಡ್ಡು ದಂಡ ಅಂತಲೇ ಅನ್ನಿಸಿತ್ತು.

ಹೋದ ವರ್ಷ ತೀರ್ಥಹಳ್ಳಿಯ ಮದುವೆಗೆ ಇದನ್ನು ಬ್ಯಾಗಿನಲ್ಲಿ ಹೊತ್ತುಕೊಂಡೇ ಹೋದೆ. ಹತ್ತು ಜನ ಮಲಗಿದ ಕೋಣೆಯಲ್ಲಿ ಒಂದೇ ಪ್ಲಗ್ ಪಾಯಿಂಟು, ಅದರಲ್ಲಿ ನಾಲ್ಕು ಮೊಬೈಲು. ಜಗಳವಾಡಿ ಗೆದ್ದೆ. ಮಕ್ಕಳೆಲ್ಲ ಸುತ್ತ ಕೂತು ನೋಡಿದರು, "ಸೊಂಡಿಲಜ್ಜಿ" ಅಂತ ಹೆಸರಿಟ್ಟರು. ಅವತ್ತು ಎಲ್ಲರಿಗಿಂತ ಮೊದಲು ಮಲಗಿದವಳು ನಾನೇ.

ಕೊಳ್ಳುವವರಿಗೆ ಕೊನೆಯದಾಗಿ ಹಣದ ಮಾತು. ಸೆಕೆಂಡ್ ಹ್ಯಾಂಡ್ ಅಗ್ಗಕ್ಕೆ ಸಿಗುತ್ತದೆ, ಹುಷಾರು. 2021ರ ಜೂನಿನಲ್ಲಿ ಫಿಲಿಪ್ಸ್ ತನ್ನ ಲಕ್ಷಗಟ್ಟಲೆ ಮೆಷೀನುಗಳನ್ನು ವಾಪಸ್ ಕರೆದಿತ್ತು. ಸದ್ದು ತಗ್ಗಿಸಲು ಒಳಗೆ ಹಾಕಿದ್ದ ಫೋಮು ಪುಡಿಯಾಗಿ ಉಸಿರಿಗೆ ಸೇರಬಹುದು ಅನ್ನುವ ಕಾರಣಕ್ಕೆ. ಹಳೇ ಮೆಷೀನು ತರುವ ಮುಂಚೆ ಮಾಡೆಲ್ಲು, ಸೀರಿಯಲ್ ನಂಬರು ನೋಡಿಕೊಳ್ಳಿ. ಅದಕ್ಕಿಂತ ಒಂದು ತಿಂಗಳು ಬಾಡಿಗೆಗೆ ತಂದು ನೋಡುವುದು ಒಳ್ಳೆಯದು. ಆಗ ನನಗೆ ಗೊತ್ತಿದ್ದರೆ ನಾನೂ ಹಾಗೇ ಮಾಡುತ್ತಿದ್ದೆ. ಮಾಸ್ಕ್ ಮಾತ್ರ ಬಾಡಿಗೆದು ಬೇಡ, ಹೊಸದೇ ಕೊಳ್ಳಿ. ಅಂಗಡಿಯವರು ಮುಖ ಅಳೆಯದೆ ಪೆಟ್ಟಿಗೆ ಒಡೆದರೆ ಎದ್ದು ಬನ್ನಿ.